ಒಂದು ಶೆಂಗ್ ಅಕ್ಕಿ

ಪರದೆಯ ಮೇಲೆ ನೀವು ನೋಡುತ್ತಿರುವ, ಮುಚ್ಚಳವಿಲ್ಲದ ಪೆಟ್ಟಿಗೆಗೆ ಹಿಡಿ ಕೂರಿಸಿದಂತೆ ಕಾಣುವ ಈ ಕಂಚಿನ ಪಾತ್ರೆ ಶಾಂಘೈ ವಸ್ತುಸಂಗ್ರಹಾಲಯಕ್ಕೆ ಸೇರಿದ್ದು. ಇದರ ಒಳಗಿನ ಉದ್ದ ಸುಮಾರು 12.5, ಅಗಲ 7, ಆಳ 2.3 ಸೆಂಟಿಮೀಟರ್. ಅದೇ ಅಳತೆಗೆ ನಾನು ರಟ್ಟಿನ ಪೆಟ್ಟಿಗೆಯೊಂದನ್ನು ಮಾಡಿ, ಅಕ್ಕಿ ತುಂಬಿ, ಮೇಲೆದ್ದ ರಾಶಿಯನ್ನು ಸ್ಕೇಲಿನಿಂದ ಸವರಿ, ಕಾಲು ಲೀಟರಿನ ಲೋಟಕ್ಕೆ ಸುರಿದೆ. ಅಕ್ಕಿ ಲೋಟದ ಬಾಯಿಂದ ಒಂದು ಬೆರಳಿನಷ್ಟು ಕೆಳಗೇ ನಿಂತಿತು. ಪ್ರಾಚೀನ ಚೀನಾದ ಚಿನ್ ರಾಜ್ಯದವರ ಒಂದು ‘ಶೆಂಗ್’ ಎಂದರೆ ಇಷ್ಟೇ.

ಕ್ರಿ.ಪೂ. 344ರಲ್ಲಿ ಇದನ್ನು ಮಾಡಿಸಿದ ಮಂತ್ರಿ ಶಾಂಗ್ ಯಾಂಗ್, ಹದಿನಾರು ಮತ್ತು ಐದನೇ ಒಂದು ಘನ ‘ತ್ಸುನ್’ ಸೇರಿದರೆ ಒಂದು ಶೆಂಗ್ ಎಂದು ಪಾತ್ರೆಯ ಮೈಮೇಲೆಯೇ ಕೊರೆಸಿದ. ತ್ಸುನ್ ಉದ್ದದ ಅಳತೆಯಾದ್ದರಿಂದ, ಪಾತ್ರೆ ಕಳೆದುಹೋದರೂ ಸರಿಯಾದ ಅಳತೆಗೋಲೊಂದು ಉಳಿದಿದ್ದರೆ ಅದನ್ನು ಮತ್ತೆ ಮಾಡಿಕೊಳ್ಳಬಹುದಿತ್ತು. ಈ ಜಾಣತನಕ್ಕೆ ನಾನಂತೂ ತಲೆದೂಗಿದೆ.

ಪಾತ್ರೆಯನ್ನು ಮಗುಚಿದರೆ ತಳದಲ್ಲಿ ಇನ್ನೊಂದು ಬರಹವಿದೆ. ಅದು ಕ್ರಿ.ಪೂ. 221ರಲ್ಲಿ, ಉಳಿದ ರಾಜ್ಯಗಳನ್ನೆಲ್ಲ ಗೆದ್ದ ಚಿನ್ ಷಿ ಹ್ವಾಂಗ್, ಏಕರೂಪವಿಲ್ಲದ ಅಳತೆಗಳನ್ನೆಲ್ಲ ಒಂದಾಗಿಸಿರೆಂದು ತನ್ನ ಇಬ್ಬರು ಮಂತ್ರಿಗಳಿಗೆ ಹೊರಡಿಸಿದ ಆಜ್ಞೆ. ಅಳತೆಯನ್ನು ಹೊಸದಾಗಿ ಕಂಡುಹಿಡಿದ ಕೀರ್ತಿಯನ್ನು ಸಾಮ್ರಾಟನಿಗೆ ಕಟ್ಟುವವರು ಈ ಪಾತ್ರೆಯನ್ನು ನೋಡಬೇಕು. 123 ವರ್ಷ ಹಳೆಯದಾದ ತನ್ನ ರಾಜ್ಯದ ಅಳತೆಯನ್ನೇ ಆತ ಎಲ್ಲರ ಮೇಲೂ ಹೇರಿದ.

ಹೇರಿದ್ದು ನಿಂತದ್ದು ಹೇಗೆಂಬುದಕ್ಕೆ, 1975ರಲ್ಲಿ ಹುಬೇ ಪ್ರಾಂತ್ಯದ ಷ್ವೇಹುದಿಯಲ್ಲಿ ಚಿನ್ ಕಾಲದ ಅಧಿಕಾರಿಯೊಬ್ಬನ ಗೋರಿಯಿಂದ ಸಿಕ್ಕ, ಕಾನೂನು ಬರೆದ ಬಿದಿರಿನ ಪಟ್ಟಿಗಳು ಉತ್ತರ ಕೊಡುತ್ತವೆ. ಒಂದು ‘ಷಿ’, ಅಂದರೆ 120 ‘ಜಿನ್’ ತೂಕದಲ್ಲಿ, 16 ‘ಲಿಯಾಂಗ್’ ಅಥವಾ ಅದಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಒಂದು ಕವಚದ ದಂಡ. 8ರಿಂದ 16ರೊಳಗಿದ್ದರೆ ಒಂದು ಗುರಾಣಿಯ ದಂಡ. ಹದಿನಾರು ಲಿಯಾಂಗ್ ಸೇರಿದರೆ ಒಂದು ಜಿನ್ ಆದ್ದರಿಂದ, 120ರಲ್ಲಿ ಒಂದು ಪಾಲು ತಪ್ಪಿದರೂ ಕವಚ ತೆರಬೇಕಿತ್ತು. ತೆರಬೇಕಾದವನು ಅಂಗಡಿಯವನಲ್ಲ, ಅಳತೆಯ ಹೊಣೆ ಹೊತ್ತ ಸರ್ಕಾರಿ ಅಧಿಕಾರಿ! ಚಿನ್ನದ ತಕ್ಕಡಿಯ ಬಟ್ಟುಗಳಿಗಂತೂ ಅರ್ಧ ‘ಝು’ ವ್ಯತ್ಯಾಸವೂ ಸಲ್ಲುತ್ತಿರಲಿಲ್ಲ; ಒಂದು ಲಿಯಾಂಗ್‌ಗೆ 24 ಝು.

ಆದರೂ ಶೆಂಗ್ ಬೆಳೆಯಿತು. ತೆರಿಗೆಯನ್ನು ಧಾನ್ಯದಲ್ಲಿ ಅಳೆದುಕೊಳ್ಳುವವರಿಗೆ ದೊಡ್ಡ ಪಾತ್ರೆಯೇ ಲಾಭ. ಕ್ರಿ.ಶ. ಏಳನೇ ಶತಮಾನದಲ್ಲಿ ಆಳ್ವಿಕೆಗೆ ಬಂದ ಟಾಂಗ್ ಅರಸರ ಕಾಲಕ್ಕೆ, ಹೆಸರು ಬದಲಾಗದೆಯೇ, ಒಂದು ಶೆಂಗ್ ಸುಮಾರು 600 ಮಿಲಿಲೀಟರ್ ಆಗಿತ್ತು. ಆಗ ಪೇಟೆಗೂ ತೆರಿಗೆಗೂ ದೊಡ್ಡ ಶೆಂಗ್ ಬಳಸಿ, ವಾದ್ಯಗಳ ಶ್ರುತಿ, ಸೂರ್ಯನ ನೆರಳಿನ ಅಳತೆ ಮತ್ತು ಔಷಧಿಯ ಕಷಾಯಕ್ಕೆ ಮಾತ್ರ ಹಳೆಯ ಸಣ್ಣ ಅಳತೆಯನ್ನೇ ಕಾನೂನು ಉಳಿಸಿಕೊಂಡಿತು.