ನಮ್ಮೂರಲ್ಲಿ ನಿಮಗೇನು ಇಷ್ಟ?

ಎಲ್ಲರಿಗೂ ನಮಸ್ಕಾರ.

ನಮ್ಮ ಮನೆ, ನಮ್ಮ ಸುತ್ತಮುತ್ತ ಏನು ಇಷ್ಟ, ಯಾಕೆ ಇಷ್ಟ ಅಂತ ಮಾತಾಡಿ ಎಂದು ಈ ಸಭೆ ಕರೆದವರು ಹೇಳಿದ್ದಾರೆ. ಚಿಕ್ಕಮಗಳೂರಿನಲ್ಲಿ ನಿಂತು ಇದನ್ನು ಮಾತಾಡುವುದು ಸ್ವಲ್ಪ ಕಷ್ಟ. ನಮ್ಮೂರನ್ನು ಹೊಗಳುವ ಕೆಲಸವನ್ನು ಬೇರೆ ಊರಿನವರೇ ಮಾಡಿ ಮುಗಿಸಿಬಿಟ್ಟಿದ್ದಾರೆ. ಮುಳ್ಳಯ್ಯನಗಿರಿ ರಾಜ್ಯಕ್ಕೇ ಎತ್ತರದ ಶಿಖರ, ಸುಮಾರು 1,930 ಮೀಟರ್. ಬಾಬಾಬುಡನ್ ಯೆಮೆನ್‌ನಿಂದ 7 ಕಾಫಿ ಬೀಜ ತಂದರು ಅನ್ನುವ ಕಥೆ. ಮಂಜು, ಝರಿ, ಜೀಪು. ಭಾನುವಾರ ಬೆಳಿಗ್ಗೆ ಗಿರಿಗೆ ಹೋಗುವ ದಾರಿಯ ಕೈಮರದ ಹತ್ತಿರ ನಿಂತ ಕಾರುಗಳ ಸಾಲು ನೋಡಿದರೆ ಸಾಕು, ಇದನ್ನೆಲ್ಲ ನಾನು ಮತ್ತೆ ಹೇಳಬೇಕಾಗಿಲ್ಲ.

ಆದರೆ ಇಲ್ಲೇ ಹುಟ್ಟಿ ಬೆಳೆದವರನ್ನು ಕೇಳಿ ನೋಡಿ. ಅವರೂ ಅದೇ ಪಟ್ಟಿ ಒಪ್ಪಿಸುತ್ತಾರೆ. ಗಿರಿ ಹತ್ತಿ ಎಷ್ಟು ವರ್ಷ ಆಯ್ತು ಅಂದರೆ ನಗುತ್ತಾರೆ. ದಿನಾ ಕೈಗೆ ಸಿಗುವುದರಲ್ಲೂ ಇಷ್ಟಪಡುವಂಥದ್ದು ಏನಾದರೂ ಇರಬೇಕು ಅಲ್ವಾ? ಅದು ಯಾಕೆ ಹಾಗಿದೆ, ಹೇಗೆ ಕೆಲಸ ಮಾಡುತ್ತದೆ ಅಂತ ತಿಳಿದಷ್ಟೂ ಇಷ್ಟ ಗಟ್ಟಿಯಾಗುತ್ತದೆ. ನಾನು ಹೇಳಬೇಕು ಅಂತ ಬಂದಿರುವುದು ಅಷ್ಟೇ.

ಮನೆಯಿಂದಲೇ ಶುರು ಮಾಡೋಣ. ನಾನು ಬೆಳೆದದ್ದು ಮೂಡಿಗೆರೆ ಕಡೆಯ ಒಂದು ಹೆಂಚಿನ ಮನೆಯಲ್ಲಿ. ಅದರಲ್ಲಿ ನನಗೆ ತುಂಬಾ ಇಷ್ಟದ ಜಾಗ ಬಚ್ಚಲು ಮನೆ. ನಗಬೇಡಿ. ಆರಿದ್ರಾ ಮಳೆ ಹಿಡಿದರೆ ಪುಷ್ಯ ಮುಗಿಯುವ ತನಕ, ಅಂದರೆ ಜೂನ್ ಕೊನೆಯಿಂದ ಆಗಸ್ಟ್ ಶುರುವಿನ ತನಕ, ಆ ಮನೆಯಲ್ಲಿ ಒಣಗಿದ ಜಾಗ ಅಂತ ಇದ್ದದ್ದು ಅದೊಂದೇ. ಹಂಡೆ ಒಲೆಗೆ ದಪ್ಪನೆಯ ಕೊರಡು ತಳ್ಳಿದರೆ ರಾತ್ರಿಯೆಲ್ಲ ಕೆಂಡ ಆರುತ್ತಿರಲಿಲ್ಲ. ಮೇಲೆ ಬಿದಿರಿನ ಗಳ. ಅದರ ಮೇಲೆ ನಮ್ಮ ಶಾಲೆಯ ಯೂನಿಫಾರ್ಮು, ಟವೆಲು, ಅಪ್ಪನ ಕಂಬಳಿ. ಬೆಳಿಗ್ಗೆ ಹಾಕಿಕೊಂಡ ಅಂಗಿ ಬೆಚ್ಚಗಿರುತ್ತಿತ್ತು, ಹೊಗೆ ವಾಸನೆಯೂ ಹೊಡೆಯುತ್ತಿತ್ತು. ಕ್ಲಾಸಿನಲ್ಲಿ ಎಲ್ಲರ ಮೈಯಲ್ಲೂ ಅದೇ ವಾಸನೆ, ಹಾಗಾಗಿ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅದೇ ಹೊಗೆ ಅಟ್ಟಕ್ಕೆ ಏರುತ್ತಿತ್ತು. ಹೊಗೆ ಕುಡಿದ ಬಿದಿರಿಗೆ, ತೊಲೆಗೆ ಹುಳ ಹತ್ತುವುದು ಕಡಿಮೆ. ಬೂದಿ ಪಾತ್ರೆ ಬೆಳಗಲು, ಮಿಕ್ಕಿದ್ದು ಗೊಬ್ಬರದ ಗುಂಡಿಗೆ. ಒಂದು ಒಲೆಯಿಂದ ಇಷ್ಟು ಕೆಲಸ ತೆಗೆದವರು ಯಾರೋ, ಅವರಿಗೆ ಒಂದು ನಮಸ್ಕಾರ.

ಆ ಮನೆಯ ಸೂರು ತೀರಾ ತಗ್ಗು. ಎತ್ತರದ ನೆಂಟರು ಬಂದಾಗಲೆಲ್ಲ ಹಣೆ ಬಡಿಸಿಕೊಂಡು ಬೈದುಕೊಳ್ಳುತ್ತಿದ್ದರು. ಆದರೆ ಗಾಳಿ ಮಳೆಯನ್ನು ಅಡ್ಡಡ್ಡ ಹೊಡೆಸುವ ಊರಲ್ಲಿ ಸೂರು ಎತ್ತರಿಸಿದರೆ ಜಗುಲಿಗೆಲ್ಲ ಎರಚಲು, ಮಣ್ಣಿನ ಗೋಡೆ ನೆನೆಯುತ್ತದೆ. ಈಗ ತಾರಸಿ ಮನೆ ಕಟ್ಟುತ್ತಾರೆ. ಎರಡು ಮಳೆಗಾಲ ಕಂಡು, ಸೋರಿದ ಮೇಲೆ, ತಾರಸಿಯ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ತಗಡಿನ ಶೀಟು ಹೊದಿಸುತ್ತಾರೆ. ಪೇಟೆಯಲ್ಲಿ ಒಂದು ಸುತ್ತು ಹಾಕಿ ನೋಡಿ. ಇಳಿಜಾರು ಮಾಡು ವಾಪಸ್ ಬಂದಿದೆ, ಚೆಂದ ಮಾತ್ರ ಬಂದಿಲ್ಲ.

ಹಾಗಂತ ಹಳೆಯದೆಲ್ಲ ಅನಾದಿ ಕಾಲದ್ದು ಅಂದುಕೊಳ್ಳಬೇಡಿ. ಮಂಗಳೂರು ಹೆಂಚು ಘಟ್ಟ ಹತ್ತಿ ಬಂದದ್ದು 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಕಾರ್ಖಾನೆ ಹಾಕಿದ ಮೇಲೆ. ಕಾಫಿಯೂ ಹೊರಗಿನದೇ. ಮೆಣಸಿನ ಬಳ್ಳಿ ಮಾತ್ರ ಈ ಘಟ್ಟದ್ದು.

ಇನ್ನು ನಮ್ಮ ಡೇರೆ ಹೂವು, ಅಂದರೆ ಡೇಲಿಯಾ, ಅದು ಮೆಕ್ಸಿಕೋದ್ದು! ಆದರೆ ಮಲೆನಾಡಿನ ಮಳೆಗಾಲವನ್ನು ಡೇರೆ ಬಿಟ್ಟು ನೆನೆಸಿಕೊಳ್ಳಿ ನೋಡೋಣ. ಅಂಗಳಕ್ಕೆ ಕಾಲಿಡಲು ಆಗದ ದಿನಗಳಲ್ಲಿ ಅಂಚಿನಲ್ಲಿ ಕೆಂಪು, ಹಳದಿ, ನೇರಳೆ. ಹೂವಿನ ಭಾರಕ್ಕೆ ಗಿಡ ಬಾಗುತ್ತದೆ, ಕೋಲು ಕೊಟ್ಟು ಕಟ್ಟಬೇಕು. ಗಿಡ ಒಣಗಿದ ಮೇಲೆ ಗೆಡ್ಡೆ ತೆಗೆದು ಎತ್ತಿಟ್ಟು, ಬೇಸಿಗೆಯಲ್ಲಿ ಎರಡು ಮಳೆ ಬಿದ್ದ ಮೇಲೆ ಮತ್ತೆ ನೆಡುತ್ತಾರೆ. ಈ ಗೆಡ್ಡೆಯನ್ನು ನಮ್ಮ ಕಡೆ ಹೆಂಗಸರು ದುಡ್ಡು ಕೊಟ್ಟು ತಂದದ್ದು ನಾನು ನೋಡಿದ್ದು ಕಡಿಮೆ. ‘ಅಕ್ಕಾ, ಆ ಬಿಳಿ ಅಂಚಿನ ಕೆಂಪಿದೆಯಲ್ಲ, ಅದರದ್ದೊಂದು ಗೆಡ್ಡೆ ನಂಗೆ ಇರಲಿ’ ಅಂತ ಹೂವಿರುವಾಗಲೇ ಹೇಳಿಟ್ಟಿರುತ್ತಾರೆ. ಈ ವರ್ಷ ತೋಟದ ಯಜಮಾನರ ಅಂಗಳದಲ್ಲಿದ್ದ ಬಣ್ಣ ಮುಂದಿನ ವರ್ಷ ತೋಟದ ಕೆಲಸದವರ ಲೈನ್ ಮನೆಯ ಮುಂದೆ ಎಣ್ಣೆ ಡಬ್ಬದಲ್ಲಿ ಅರಳಿರುತ್ತದೆ.

ಲೈನ್ ಮನೆಯಲ್ಲಿರುವವರಿಗೆ ಆ ಮನೆ ಸ್ವಂತದ್ದಲ್ಲ. ಕೆಲಸ ಬಿಟ್ಟರೆ ಮನೆಯನ್ನೂ ಬಿಡಬೇಕು. ಆದರೂ ಗಿಡ ನೆಟ್ಟಿರುತ್ತಾರೆ. ಊರಿನ ಮೇಲಿನ ಅಭಿಮಾನದ ಮಾತು ಬಂದಾಗ ನಾವು ಜಮೀನು ಇದ್ದವರ ಬಾಯಲ್ಲೇ ಅದನ್ನು ಕೇಳುವುದು ಜಾಸ್ತಿ. ತೋಟದ ಯಾವ ಪಟ್ಟೆಯಲ್ಲಿ ಹಣ್ಣು ಮೊದಲು ಕೆಂಪಾಗುತ್ತದೆ, ಯಾವ ಹಳ್ಳದ ಪಕ್ಕ ಇಂಬಳ (ಜಿಗಣೆ) ಜಾಸ್ತಿ ಅಂತ ಕಾಫಿ ಕೊಯ್ಯುವ ಹೆಂಗಸರನ್ನು ಕೇಳಿ. ಯಜಮಾನರಿಗೂ ಅಷ್ಟು ಗೊತ್ತಿರುವುದಿಲ್ಲ. ಇಂಥ ಸಭೆಗೆ ಅವರನ್ನೂ ಕರೆದು ಮೈಕು ಕೊಡಬೇಕು.

ತೋಟದ ಮಾತು ಬಂತು. ಕಾಫಿ ಹೂವಿನ ಘಮದ ಬಗ್ಗೆ ಎಲ್ಲರೂ ಹೇಳುತ್ತಾರೆ. ನನಗೆ ಅದಕ್ಕಿಂತ ಇಷ್ಟ, ಹೂ ಅರಳುವ ಮುಂಚಿನ ದಿನಗಳು. ಮಾಗಿ ಕಳೆದು ಬಿಸಿಲು ಏರುವಾಗ ಮೊಗ್ಗು ಗಿಡದಲ್ಲೇ ಕೂತಿರುತ್ತದೆ, ಬೆಳೆಯುವುದಿಲ್ಲ. ಅದಕ್ಕೆ ಒಂದು ಗಟ್ಟಿ ಮಳೆ ಬೇಕು, ಹೆಚ್ಚು ಕಡಿಮೆ ಒಂದು ಇಂಚು. ಬಿದ್ದ 8-10 ದಿನಕ್ಕೆ ಗುಡ್ಡಕ್ಕೆ ಗುಡ್ಡವೇ ಬೆಳ್ಳಗಾಗುತ್ತದೆ. ಮಳೆ ಅರೆಬರೆ ಬಿದ್ದರೆ ಹೂವೂ ಅರೆಬರೆ. ಅರಳಿದ ಮೇಲೆ ಕೆಲವು ವಾರದಲ್ಲಿ ಇನ್ನೊಂದು ಮಳೆ ಬೇಕು, ಬ್ಯಾಕಿಂಗ್ ಮಳೆ ಅನ್ನುತ್ತೇವಲ್ಲ, ಅದು. ಇಲ್ಲದಿದ್ದರೆ ಕಾಯಿ ನಿಲ್ಲುವುದಿಲ್ಲ. ಅರೇಬಿಕಾ ತನ್ನ ಹೂಪುಡಿಯಲ್ಲೇ ಕಾಯಿ ಕಟ್ಟುತ್ತದೆ. ರೊಬಸ್ಟಾಕ್ಕೆ ಬೇರೆ ಗಿಡದ ಹೂಪುಡಿ ಬೇಕು, ಗಾಳಿಯೋ ಜೇನೋ ತಂದುಕೊಡಬೇಕು.

ಆ ದಿನಗಳಲ್ಲಿ ನಮ್ಮವರ ಫೋನ್ ಮಾತು ಕೇಳಬೇಕು. ಚೆನ್ನಾಗಿದ್ದೀರಾ, ಕಾಫಿ ಆಯ್ತಾ, ಒಂದೂ ಇಲ್ಲ. ಎತ್ತಿದ ತಕ್ಷಣ ‘ನಿಮ್ಮಲ್ಲಿ ಎಷ್ಟು ಸೆಂಟು?’ ಮಳೆಯ ಲೆಕ್ಕ ಅದು, ಒಂದು ಇಂಚಿಗೆ 100 ಸೆಂಟು. ‘ಆಲ್ದೂರಲ್ಲಿ 80 ಸೆಂಟಂತೆ ಮಾರಾಯ್ರೆ, ನಮಗೆ ಬರೀ 15’ ಅಂತ ಹೇಳುವವರ ದನಿಯಲ್ಲಿ ಮಳೆರಾಯ ಸ್ವಜನಪಕ್ಷಪಾತ ಮಾಡಿದ ಹಾಗೆ ಬೇಜಾರು. ಸರ್ಕಾರದ ಲೆಕ್ಕವೆಲ್ಲ ಮಿಲಿಮೀಟರಿಗೆ ಹೋಗಿ ಎಷ್ಟೋ ಕಾಲವಾಯಿತು, ನಮ್ಮ ತೋಟಗಳಲ್ಲಿ ಸೆಂಟು ಹೋಗಿಲ್ಲ. ಬೆಳಿಗ್ಗೆ ಎದ್ದು ಮಳೆ ಅಳೆಯುವ ಗಾಜಿನ ಕೊಳವೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ, ಡೈರಿಯಲ್ಲಿ ಬರೆದು, ಆಮೇಲೆ ಮುಖ ತೊಳೆಯುವವರಿದ್ದಾರೆ. ಅಜ್ಜನ ಕಾಲದ ಮಳೆ ಡೈರಿ ಇಟ್ಟುಕೊಂಡ ಮನೆಗಳಿವೆ. ನನ್ನ ಮಟ್ಟಿಗೆ ನಮ್ಮ ಜಿಲ್ಲೆಯ ದೊಡ್ಡ ಸಾಹಿತ್ಯ ಅದು. ಅಂಥ ಡೈರಿ ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ.

ನೆರಳು ಮರದ ಬಗ್ಗೆ ಒಂದೇ ಮಾತು. ಹಾಲವಾಣ, ಅತ್ತಿ, ಹಲಸು, ನೇರಳೆ ಇದ್ದ ಕಡೆ ಈಗ ಸಾಲಾಗಿ ಸಿಲ್ವರ್ ಓಕ್. ನೆಟ್ಟಗೆ ಬೆಳೆಯುತ್ತದೆ, ಬೇಗ ಬೆಳೆಯುತ್ತದೆ, ಮೆಣಸು ಹಬ್ಬಿಸಬಹುದು, ಕಡಿದರೆ ದುಡ್ಡು. ನೆಡುವವರನ್ನು ನಾನು ಬೈಯುವುದಿಲ್ಲ, ಕಾಫಿ ರೇಟು ಬಿದ್ದ ವರ್ಷಗಳಲ್ಲಿ ಅದೇ ಮನೆ ನಡೆಸಿದೆ. ಆದರೆ ಹಾಲವಾಣದ ಎಲೆ ಬೇಗ ಕೊಳೆತು ಮಣ್ಣಾಗುತ್ತದೆ, ಬೇರು ಸಾರಜನಕ ಹಿಡಿದಿಡುತ್ತದೆ. ಅತ್ತಿ ಹಣ್ಣಾದರೆ ಮಂಗಟ್ಟೆ ಹಕ್ಕಿ ಬರುತ್ತದೆ. ಬರೀ ಸಿಲ್ವರ್ ಓಕ್ ಇರುವ ತೋಟದಲ್ಲಿ ನಡೆದು ನೋಡಿ, ಹಕ್ಕಿ ದನಿ ಎಷ್ಟು ಕಡಿಮೆ ಅಂತ ಗೊತ್ತಾಗುತ್ತದೆ.

ಕೊನೆಗೆ ನೀರು. ಒಂದೇ ಜಿಲ್ಲೆ ನಮ್ಮದು. ಶೃಂಗೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ದಾಟಿ ಮಳೆ, ಕಡೂರಿನಲ್ಲಿ 600ರ ಆಸುಪಾಸು. ಮಲೆನಾಡಿನವರು ‘ಸಾಕಪ್ಪಾ ಮಳೆ’ ಅನ್ನುವಾಗ ಕಡೂರಿನವರು ಆಕಾಶ ನೋಡುತ್ತಿರುತ್ತಾರೆ. ಇಬ್ಬರನ್ನೂ ಜೋಡಿಸಿರುವುದು ಮುಳ್ಳಯ್ಯನಗಿರಿ ಇರುವ ಚಂದ್ರದ್ರೋಣ ಗಿರಿಸಾಲು. ಅಲ್ಲಿ ಹುಟ್ಟುವ ಯಗಚಿ ಬೇಲೂರಿನ ಪಕ್ಕ ಹರಿದು, ಹೇಮಾವತಿ ಸೇರಿ, ಕಾವೇರಿಗೆ ಹೋಗುತ್ತದೆ. ಅದೇ ಗಿರಿಯ ಇನ್ನೊಂದು ಪಕ್ಕದ ನೀರು ಸಖರಾಯಪಟ್ಟಣದ ಅಯ್ಯನಕೆರೆಗೆ ಬಂದು, ವೇದಾವತಿಯಾಗಿ ಹಿರಿಯೂರು ತಾಲ್ಲೂಕಿನ ವಾಣಿವಿಲಾಸ ಸಾಗರ ಮುಟ್ಟಿ, ಮುಂದೆ ತುಂಗಭದ್ರೆಗೆ ಸೇರುತ್ತದೆ. ಆ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಬಿದ್ದದ್ದು 2022ರಲ್ಲಿ. ಜನ ಜಾತ್ರೆಗೆ ಹೋದ ಹಾಗೆ ನೋಡಲು ಹೋದರು. ಬಯಲು ಸೀಮೆಯವರಿಗೆ ಕೋಡಿ ಬೀಳುವುದು ಅಂದರೆ ಏನು ಅನ್ನುವುದು ಮಲೆನಾಡಿನ ನಮಗೆ ಸುಲಭಕ್ಕೆ ಅರ್ಥವಾಗುವುದಿಲ್ಲ.

ನನ್ನ ಮಾತು ಇಲ್ಲಿಗೆ ಸಾಕು. ಮೈಕು ನಿಮ್ಮ ಕಡೆ ಕೊಡುತ್ತೇನೆ, ಒಬ್ಬೊಬ್ಬರು ಒಂದೊಂದು ಹೇಳಿ. ‘ಪ್ರಕೃತಿ ಸೌಂದರ್ಯ’ ಅಂತ ಮಾತ್ರ ಹೇಳಬೇಡಿ, ಯಾವ ಮರ, ಯಾವ ತಿರುವು, ಯಾವ ಅಂಗಡಿ ಅಂತ ಹೇಳಿ. ಸಖರಾಯಪಟ್ಟಣದ ಕಡೆಯವರು ಯಾರಾದರೂ ಇದ್ದೀರಾ? ಇದ್ದರೆ ಮೊದಲು ನೀವೇ ಹೇಳಿ, ಈ ಸಲ ಅಯ್ಯನಕೆರೆ ಕೋಡಿ ಬಿತ್ತಾ?