ಹುಕಮ್ ಅಂದರೆ ಹಣೆಬರಹ ಅಲ್ಲ

ಸಾವಿನ ಮನೆಯವರು ಸೇರಿದ್ದ ಜಾಗದಲ್ಲಿ 'ಆನಂದ' ಅನ್ನುವ ಹಾಡು ಕೇಳಿ ಒಂದು ಸಲ ನಾನು ಬೆಚ್ಚಿಬಿದ್ದಿದ್ದೆ.

ಗೆಳೆಯನ ಅಪ್ಪ ತೀರಿಕೊಂಡಿದ್ದರು. ಕೊನೆಯ ಅರ್ದಾಸ್‌ಗೆ, ಅಂದರೆ ತೀರಿಕೊಂಡವರಿಗಾಗಿ ಮಾಡುವ ಕೊನೆಯ ಪ್ರಾರ್ಥನೆಗೆ ಅಂತ ಲೂಧಿಯಾನಕ್ಕೆ ಹೋಗಿದ್ದೆ. ಗುರುದ್ವಾರದಲ್ಲಿ ತಲೆಗೆ ಕರವಸ್ತ್ರ ಕಟ್ಟಿಕೊಂಡು ನೆಲದ ಮೇಲೆ ಕೂತಿದ್ದೆವು. ಕೀರ್ತನೆ ಮುಗಿಯಿತು, ಆಮೇಲೆ ಆನಂದ್ ಸಾಹಿಬ್ ಶುರುವಾಯಿತು. 'ಅಮ್ಮಾ, ನನಗೆ ಆನಂದವಾಯಿತು, ಸದ್ಗುರು ಸಿಕ್ಕ' ಅಂತ ಮೊದಲಾಗುವ, ಸಿಖ್ಖರ ಮೂರನೇ ಗುರು ಅಮರ್ ದಾಸರ ವಾಣಿ ಅದು. ಎಲ್ಲೋ ಕೇಳಿದ್ದೇನಲ್ಲ ಅನ್ನಿಸಿತು. ಹೌದು, ಅದೇ ಗೆಳೆಯನ ಮದುವೆಯಲ್ಲಿ! ಸಿಖ್ಖರಲ್ಲಿ ಮದುವೆಗೂ ಅದರ ಅದೇ ಆರು ಚರಣ, ಸಾವಿಗೂ ಅದೇ ಆರು ಚರಣ. ಕೊನೆಗೆ ಅದೇ ಕಡಾಹ್ ಪ್ರಸಾದ. ಗೋಧಿಹಿಟ್ಟು, ಸಕ್ಕರೆ, ತುಪ್ಪ. ಗೆಳೆಯನ ಅಮ್ಮ ಎರಡೂ ಕೈ ಬೊಗಸೆ ಮಾಡಿ ತಗೊಂಡರು. ಕಣ್ಣಲ್ಲಿ ನೀರಿತ್ತು, ಕೈ ನಡುಗುತ್ತಿತ್ತು. ಹತ್ತಿರ ಹೋದೆ, ಏನು ಹೇಳಬೇಕೋ ಗೊತ್ತಾಗಲಿಲ್ಲ. ಅವರೇ ಹೇಳಿದರು: 'ವಾಹೆಗುರು ದಾ ಭಾಣಾ, ಪುತ್ತರ್.' ದೇವರ ಭಾಣಾ, ಮಗನೇ, ಅಂತ.

ಪಾಪ, ಹಣೆಬರಹ ಅಂತಿದ್ದಾರೆ ಅಂದುಕೊಂಡೆ. ಅದು ತಪ್ಪು ಅಂತ ಅರ್ಥವಾಗೋಕೆ ನನಗೆ ತುಂಬಾ ದಿನ ಹಿಡಿಯಿತು.

ನೋಡಿ, ನಾವು ಹಣೆಬರಹ ಅನ್ನೋದು ಯಾವಾಗ? ಹಣೆ ಚಚ್ಚಿಕೊಂಡು, ಇನ್ನೇನೂ ಮಾಡೋಕಾಗಲ್ಲ ಅಂತ ಕೈಚೆಲ್ಲಿದಾಗ. ಭಾಣಾ ಅಂದರೆ ಅದಲ್ಲ. ಅವನಿಗೆ ಹಿಡಿಸಿದ್ದು, ಅವನ ಮನಸ್ಸಿಗೆ ಬಂದದ್ದು ಅಂತ ಅರ್ಥ. ಆ ಪದದಲ್ಲೇ ಒಬ್ಬ ಆತ್ಮೀಯ ಇದ್ದಾನೆ. ಹಣೆಬರಹದಲ್ಲಿ ಬರೀ ಬರಹ ಇದೆ, ಬರೆದವನು ಕಾಣಲ್ಲ.

ಇನ್ನು ಹುಕಮ್. ಇದು ನಮಗೂ ಗೊತ್ತಿರುವ ಪದವೇ, ಬಗರ್ ಹುಕುಂ ಸಾಗುವಳಿ ಅಂತೀವಲ್ಲ, ಅದೇ ಹುಕುಂ, ಅಪ್ಪಣೆ ಅಂತ ಅರ್ಥ. ಸಿಖ್ಖರು ಬೆಳಿಗ್ಗೆ ಹೇಳುವ ಪ್ರಾರ್ಥನೆ ಜಪ್‌ಜಿಯ ಮೊದಲನೇ ಪೌಡಿಯಲ್ಲೇ, ಅಂದರೆ ಚರಣದಲ್ಲೇ, ಗುರು ನಾನಕರು ಒಂದು ಪ್ರಶ್ನೆ ಕೇಳುತ್ತಾರೆ: ಸುಳ್ಳಿನ ಗೋಡೆ ಒಡೆಯೋದು ಹೇಗೆ? ಉತ್ತರವನ್ನೂ ಅವರೇ ಕೊಡುತ್ತಾರೆ: 'ಹುಕಮಿ ರಜಾಈ ಚಲಣಾ.' ಅವನ ಹುಕಮ್‌ನಲ್ಲಿ ನಡೆಯೋದು. ಆ 'ಚಲಣಾ' ನನಗೆ ತುಂಬಾ ಮುಖ್ಯ. ಕೂತಿರು ಅಂದಿಲ್ಲ ಅವರು, ನಡಿ ಅಂದಿದ್ದಾರೆ. ಮುಂದಿನ ಪೌಡಿಯಲ್ಲಿ, ಹುಕಮ್ ಅರ್ಥವಾದವನು 'ನಾನು, ನಾನು' ಅನ್ನಲ್ಲ ಅಂತಾರೆ. ಅಂದರೆ ಬಿಡಬೇಕಾದ್ದು ಕೆಲಸವನ್ನಲ್ಲ, ಅಹಂಕಾರವನ್ನು.

ಹಾಗಾದರೆ ಅನ್ಯಾಯ ಆದಾಗಲೂ ಸುಮ್ನೆ ಇರಬೇಕಾ? ಈ ಪ್ರಶ್ನೆ ಕೇಳಲೇಬೇಕು. ಬಾಬರ್‌ನ ಸೈನ್ಯ ಪಂಜಾಬಿನ ಸೈದ್‌ಪುರ ಅನ್ನುವ ಊರನ್ನು ಹಾಳುಗೆಡವಿದಾಗ, ಹುಕಮ್ ಬಗ್ಗೆ ಅಷ್ಟು ಹೇಳಿದ್ದ ಅದೇ ನಾನಕರು ದೇವರನ್ನೇ ಕೇಳಿದರು: ಇಷ್ಟು ಏಟು ಬಿದ್ದು ಜನ ಗೋಳಾಡಿದರಲ್ಲ, ನಿನಗೆ ನೋವಾಗಲಿಲ್ಲವಾ? ಈ ಸಾಲನ್ನು ಯಾರೂ ಮುಚ್ಚಿಡಲಿಲ್ಲ. ಸಿಖ್ಖರ ಧರ್ಮಗ್ರಂಥ ಗುರು ಗ್ರಂಥ ಸಾಹಿಬ್‌ನಲ್ಲೇ ಇದೆ, ಇವತ್ತಿಗೂ ಹಾಡುತ್ತಾರೆ. ನಂಬಿಕೆ ಇದ್ದವನಿಗೇ ಅಲ್ವಾ ಹಾಗೆ ಎದುರು ನಿಂತು ಕೇಳುವ ಸಲುಗೆ ಇರೋದು?

ಆಮೇಲೆ 1606, ಲಾಹೋರ್. ಜಹಾಂಗೀರ್ ಕಾಲ. ಐದನೇ ಗುರು ಅರ್ಜನ್ ದೇವರನ್ನು ಕಾದ ಹೆಂಚಿನ ಮೇಲೆ ಕೂರಿಸಿ, ಮೈಮೇಲೆ ಸುಡುವ ಮರಳು ಸುರಿದರು ಅಂತ ಸಿಖ್ ಪರಂಪರೆ ಹೇಳುತ್ತದೆ. ಆಗಲೂ ಅವರ ಬಾಯಲ್ಲಿ ಇದ್ದದ್ದು ತಾವೇ ಬರೆದ ಸಾಲು: 'ತೇರಾ ಕೀಆ ಮೀಠಾ ಲಾಗೈ', ನೀನು ಮಾಡಿದ್ದು ಸಿಹಿಯಾಗಿದೆ. ಅದಕ್ಕೇ ಇವತ್ತಿಗೂ ಅವರ ಬಲಿದಾನದ ದಿನ, ಸುಡುಬಿಸಿಲಲ್ಲಿ, ಪಂಜಾಬಿನ ರಸ್ತೆ ರಸ್ತೆಯಲ್ಲಿ ಛಬೀಲ್ ಇಡುತ್ತಾರೆ. ಹಾಲು, ಗುಲಾಬಿ ಶರಬತ್ತು, ಐಸ್ ಹಾಕಿದ ನೀರು. ಬಸ್ಸು ಲಾರಿ ನಿಲ್ಲಿಸಿ ಲೋಟ ಕೈಗಿಡುತ್ತಾರೆ, ನೀವು ಯಾರು, ಯಾವ ಜಾತಿ ಅಂತ ಕೇಳಲ್ಲ.

ಆದರೆ ಕಥೆ ಅಲ್ಲಿಗೇ ನಿಲ್ಲಲ್ಲ. ಅವರ ಮಗ ಗುರು ಹರ್‌ಗೋಬಿಂದ್ ಎರಡು ಕತ್ತಿ ಕಟ್ಟಿದರು, ಸಿಖ್ಖರ ಅಧಿಕಾರಪೀಠ ಅಕಾಲ್ ತಖ್ತ್ ಕಟ್ಟಿಸಿದರು, ಸೈನ್ಯ ಬೆಳೆಸಿದರು. ಅಪ್ಪ ಹುಕಮ್ ಒಪ್ಪಿದರು, ಮಗ ಮೀರಿದರು ಅಂತ ಯಾವ ಸಿಖ್ಖರೂ ಹೇಳಲ್ಲ. ಎರಡೂ ಹುಕಮ್‌ನಲ್ಲಿ ನಡೆದದ್ದೇ.

ಒಂದು ಮಾತು ಮಾತ್ರ ಖಂಡಿತವಾಗಿ ಹೇಳುತ್ತೇನೆ. 'ಭಾಣಾ' ಅನ್ನುವ ಹಕ್ಕು ನೋವು ತಿಂದವರದ್ದು. ಪಕ್ಕದಲ್ಲಿ ನಿಂತ ನಾನು ಅದನ್ನು ಅವರಿಗೆ ಬೋಧಿಸಬಾರದು. ಮಗು ಕಳೆದುಕೊಂಡ ತಾಯಿಗೆ ಹೋಗಿ 'ದೇವರಿಚ್ಛೆ ಬಿಡಮ್ಮ' ಅನ್ನೋದು ಕ್ರೌರ್ಯ. ಅವತ್ತು ಗೆಳೆಯನ ಅಮ್ಮನಿಗೆ ಯಾರೂ ಹಾಗೆ ಹೇಳಲಿಲ್ಲ, ಅವರ ಬಾಯಿಂದಲೇ ಬಂತು.

ಪ್ರಸಾದ ತಿಂದ ಮೇಲೆ ಅವರು ತುಪ್ಪದ ಕೈಯನ್ನು ಒರೆಸಿಕೊಂಡು ಎದ್ದರು. ಲಂಗರ್‌ಗೆ, ಅಂದರೆ ಗುರುದ್ವಾರದ ಊಟಕ್ಕೆ ಕೂತಾಗ ನೋಡಿದೆ, ಅಡುಗೆಮನೆಯಲ್ಲಿ ಹೆಂಗಸರ ಜೊತೆ ಕೂತು ರೊಟ್ಟಿ ಲಟ್ಟಿಸುತ್ತಿದ್ದರು. ಆಗಾಗ ನಿಲ್ಲಿಸಿ ದುಪಟ್ಟಾದಲ್ಲಿ ಕಣ್ಣು ಒರೆಸಿಕೊಂಡು, ಮತ್ತೆ ಲಟ್ಟಿಸುತ್ತಿದ್ದರು.