ಲೈಟ್ ಹಾಕೋದು ಸುಲಭ, ಆರಿಸೋದೇ ಕಷ್ಟ

ಅಪ್ಪ ಕುರ್ಚಿಯಲ್ಲಿ ಕೂತು ಓದ್ತಿದ್ರು. ನಾನು ಒಳಗಿನ ರೂಮಲ್ಲಿದ್ದೆ. ಇದ್ದಕ್ಕಿದ್ದಂತೆ ಹಾಲ್‌ನ ಲೈಟ್ ಆರಿ ಹೋಯ್ತು. ಎರಡು ಸೆಕೆಂಡ್ ಯಾವ ಸದ್ದೂ ಇಲ್ಲ. ಆಮೇಲೆ ಕತ್ತಲೊಳಗಿಂದ ಧ್ವನಿ ಬಂತು: "ಲೋ, ನಾನಿನ್ನೂ ಇಲ್ಲೇ ಇದ್ದೀನಿ ಅಂತ ನಿನ್ನ ಯಂತ್ರಕ್ಕೆ ಒಂದ್ಸಲ ಹೇಳೋ." ಎರಡೂ ಕೈ ಎತ್ತಿ ಬೀಸಿದ್ರು, ಲೈಟ್ ಬಂತು. ತಮ್ಮ ಮನೇಲಿ ತಾವೇ ಕೈ ಬೀಸಿ ಹಾಜರಿ ಹಾಕಬೇಕು! ಆ ಕೋಡ್ ಬರೆದವನು ನಾನೇ.

ಮನೆ ಲೈಟು, ಫ್ಯಾನು ತಮ್ಮಷ್ಟಕ್ಕೆ ನಡೆಯೋ ಹಾಗೆ ಪ್ರೋಗ್ರಾಂ ಮಾಡೋದನ್ನ ಕಲಿಸೋ ವೀಡಿಯೊಗಳಿಗೇನು ಬರ ಇಲ್ಲ. ಹೆಚ್ಚಿನವರು ತೋರಿಸೋದು ಲೈಟ್ ಹತ್ತೋದನ್ನ. ಬಾಗಿಲು ತೆಗೆದ ಕೂಡಲೇ ಬೆಳಕು, ಆಹಾ! ನನ್ನ ಕೇಳಿದ್ರೆ ಅದು ಈ ಕೆಲಸದ ಕಾಲು ಭಾಗ ಕೂಡ ಆಗಲ್ಲ. ಯಾರೋ ಬಂದ್ರು ಅಂತ ಗೊತ್ತು ಮಾಡೋದು ಸಲೀಸು. ಯಾರೂ ಇಲ್ಲ ಅಂತ ಗೊತ್ತು ಮಾಡೋದಿದೆಯಲ್ಲ, ತಲೆ ಕೆಡೋದು ಅಲ್ಲಿ.

ಮೋಷನ್ ಸೆನ್ಸರ್ ಅಂತ ತಂದು ಹಾಕ್ತೀವಲ್ಲ, ಅವುಗಳಲ್ಲಿ ಬಹಳಷ್ಟು ಪಿಐಆರ್ ಜಾತಿಯವು. ಅದರ ಮುಂದೆ ಬಿಳೀ ಪ್ಲಾಸ್ಟಿಕ್‌ನ ಗುಮ್ಮಟ ಇರುತ್ತೆ. ಅದೊಂದು ಲೆನ್ಸ್, ಕೋಣೆಯನ್ನ ಪಟ್ಟೆ ಪಟ್ಟೆಯಾಗಿ ಹಂಚಿಕೊಳ್ಳುತ್ತೆ. ಮೈಯ ಶಾಖ ಒಂದು ಪಟ್ಟೆಯಿಂದ ಇನ್ನೊಂದಕ್ಕೆ ದಾಟಿದಾಗ ಮಾತ್ರ ಒಳಗಿನ ಸೆನ್ಸರ್‌ಗೆ ವ್ಯತ್ಯಾಸ ಕಾಣೋದು. ದಾಟಲಿಲ್ವಾ, ನೀವು ಆ ಕೋಣೇಲಿ ಇಲ್ಲವೇ ಇಲ್ಲ. ಅಪ್ಪನ ವಿಷಯದಲ್ಲಿ ಸೆನ್ಸರ್ ಸುಳ್ಳೇನೂ ಹೇಳಿರಲಿಲ್ಲ. 'ಅಲುಗಾಟ ಇಲ್ಲ' ಅಂತ ಅದು ಹೇಳಿತ್ತು, 'ಜನ ಇಲ್ಲ' ಅಂತ ನಾನು ಓದಿಕೊಂಡಿದ್ದೆ.

ಇನ್ನೊಂದು ತಪ್ಪು ಪೂರ್ತಿ ನನ್ನದು. ನಾನು ಬಳಸೋದು ಹೋಮ್ ಅಸಿಸ್ಟೆಂಟ್. 2013ರಲ್ಲಿ ಪೌಲಸ್ ಸ್ಕೌಟ್ಸನ್ ಅನ್ನೋರು ಪೈಥಾನ್‌ನಲ್ಲಿ ಶುರು ಮಾಡಿದ ಓಪನ್ ಸೋರ್ಸ್ ತಂತ್ರಾಂಶ, ಮನೆಯೊಳಗಿನ ಒಂದು ಪುಟ್ಟ ಕಂಪ್ಯೂಟರ್‌ನಲ್ಲೇ ಓಡುತ್ತೆ. ನನ್ನ ಮೊದಲ ರೂಲ್ ಹೀಗಿತ್ತು: ಚಲನೆ ಕಂಡರೆ ಲೈಟ್ ಹಾಕು, ಐದು ನಿಮಿಷ ಕಾಯಿ, ಲೈಟ್ ಆರಿಸು. ಓದೋಕೆ ಸರಿಯಾಗೇ ಇದೆ, ಅಲ್ವಾ? ಆದ್ರೆ ಅಲ್ಲಿ ಆಟೊಮೇಷನ್‌ಗೆ ಮೋಡ್ ಅಂತ ಒಂದು ಸಾಲಿದೆ. ಏನೂ ಬರೆಯದೆ ಬಿಟ್ಟರೆ ಅದು ಸಿಂಗಲ್. ಅಂದ್ರೆ, ಒಂದ್ಸಲ ಓಡೋಕೆ ಶುರುವಾದ ರೂಲ್ ಮುಗಿಯೋ ತನಕ ಮತ್ತೆ ಯಾರು ಕರೆದರೂ ಕಿವಿಗೆ ಹಾಕ್ಕೊಳ್ಳಲ್ಲ. ನಾಲ್ಕನೇ ನಿಮಿಷದಲ್ಲಿ ನೀವು ಕೋಣೆ ತುಂಬ ಕುಣಿದಾಡಿದರೂ ಐದಕ್ಕೆ ಸರಿಯಾಗಿ ಕತ್ತಲು. ಅದನ್ನ ರೀಸ್ಟಾರ್ಟ್ ಅಂತ ಬದಲಾಯಿಸಿದರೆ ಹೊಸ ಚಲನೆ ಕಂಡಾಗೆಲ್ಲ ಎಣಿಕೆ ಮೊದಲಿಂದ ಶುರು. ಒಂದೇ ಒಂದು ಪದ. ಅದನ್ನ ಹುಡುಕೋಕೆ ನನಗೆ ಒಂದು ವಾರ ಹಿಡೀತು, ಯಾಕಂದ್ರೆ ನಾನು ಸೆನ್ಸರ್‌ನ ಬ್ಯಾಟರಿ ಬದಲಾಯಿಸ್ತಾ ಕೂತಿದ್ದೆ.

ಐದರ ಬದಲು ಮೂವತ್ತು ನಿಮಿಷ ಇಡಬಾರದಾ ಅಂತೀರಾ? ಇಟ್ಟು ನೋಡಿದೆ. ನರಪಿಳ್ಳೆ ಇಲ್ಲದ ಕೋಣೆಗಳೆಲ್ಲ ಅರ್ಧರ್ಧ ಗಂಟೆ ಜಗಮಗ.

ಬಾತ್‌ರೂಮಿಗೆ ಮಾತ್ರ ಒಂದು ಚೆಂದದ ಉಪಾಯ ಇದೆ. ಈ ಹವ್ಯಾಸದವರು ಅದಕ್ಕೆ 'ಡಬ್ಬಿಯೊಳಗಿನ ಕಣಜದ ಹುಳ' ಅಂತ ಹೆಸರಿಟ್ಟಿದ್ದಾರೆ. ಬಾಗಿಲಿಗೆ ಒಂದು ಮ್ಯಾಗ್ನೆಟ್ ಸೆನ್ಸರ್, ಒಳಗೊಂದು ಮೋಷನ್ ಸೆನ್ಸರ್. ಬಾಗಿಲು ಮುಚ್ಚಿದ ಮೇಲೆ ಒಳಗೆ ಒಂದೇ ಒಂದು ಸಲ ಚಲನೆ ಕಂಡರೂ ಸಾಕು, ಯಾರೋ ಇದ್ದಾರೆ. ಮತ್ತೆ ಬಾಗಿಲು ತೆಗೆಯೋ ತನಕ ಅವರು ಕಲ್ಲಿನ ಹಾಗೆ ಕೂತಿದ್ದರೂ ಒಳಗೇ ಇದ್ದಾರೆ, ಗೋಡೆ ತೂರಿಕೊಂಡು ಹೋಗಿರೋಕೆ ಸಾಧ್ಯ ಇಲ್ಲವಲ್ಲ! ಆದ್ರೆ ಇದರಲ್ಲೂ ಒಂದು ಹಳ್ಳ ಇದೆ, ನಾನು ಬಿದ್ದಿದ್ದೀನಿ. ಸೆನ್ಸರ್ ಒಂದ್ಸಲ 'ಚಲನೆ ಇದೆ' ಅಂದ ಮೇಲೆ ಆ ಮಾತನ್ನ ಸ್ವಲ್ಪ ಹೊತ್ತು ಹಿಡಿದುಕೊಂಡೇ ಇರುತ್ತೆ, ಕೆಲವು ಒಂದು ನಿಮಿಷದ ತನಕ. ಹಾಗಾಗಿ ಹೊರಗೆ ಹೋಗ್ತಾ ಬಾಗಿಲು ಎಳೆದುಕೊಂಡವರನ್ನ ಕೋಡ್ ಒಳಗೇ ಕೂಡಿ ಹಾಕಿಬಿಡುತ್ತೆ. ಖಾಲಿ ಬಾತ್‌ರೂಮಲ್ಲಿ ಬೆಳಗಿನವರೆಗೂ ಲೈಟು. ಬಾಗಿಲು ಮುಚ್ಚಿದ ನಂತರ ಹೊಸದಾಗಿ ಶುರುವಾದ ಚಲನೆಯನ್ನ ಮಾತ್ರ ಲೆಕ್ಕಕ್ಕೆ ತಗೋಬೇಕು.

ಹಾಲ್‌ಗೆ ಬಾಗಿಲಿಲ್ಲ, ಅಲ್ಲಿ ಈ ಉಪಾಯ ನಡೆಯಲ್ಲ. ಅದಕ್ಕೆ ಮಿಲಿಮೀಟರ್ ವೇವ್ ರೇಡಾರ್ ತಂದೆ. ಈ ಸೆನ್ಸರ್‌ಗಳು 24 ಇಲ್ಲವೇ 60 ಗಿಗಾಹರ್ಟ್ಸ್ ಆಸುಪಾಸಿನಲ್ಲಿ ಕೆಲಸ ಮಾಡ್ತವೆ, ಉಸಿರಾಡುವಾಗ ಎದೆ ಏರಿಳಿಯೋದನ್ನೂ ಹಿಡೀತವೆ. ಅಪ್ಪ ಈಗ ಲೆಕ್ಕಕ್ಕೆ ಬಂದ್ರು. ಜೊತೆಗೆ ಸೀಲಿಂಗ್ ಫ್ಯಾನೂ ಬಂತು, ಗಾಳಿಗೆ ಅಲ್ಲಾಡೋ ಕರ್ಟನ್ನೂ ಬಂತು! ಕೊನೆಗೆ ಕೆಲಸ ಹಂಚಿದೆ: ಲೈಟ್ ಹಾಕೋಕೆ ಪಿಐಆರ್ ಹೇಳಬೇಕು, ಹಾಕಿದ್ದನ್ನ ಉಳಿಸಿಕೊಳ್ಳೋಕೆ ರೇಡಾರ್ ಹೇಳಿದ್ರೆ ಸಾಕು, ಆರಿಸೋಕೆ ಇಬ್ಬರೂ ಒಪ್ಪಬೇಕು.

ಸರಿ, ಈಗ ನನ್ನ ನಿಜವಾದ ತಕರಾರಿಗೆ ಬರ್ತೀನಿ. ಗೋಡೆ ಮೇಲಿನ ಸ್ವಿಚ್.

ಎಲ್ಲರೂ ಮೊದಲು ತರೋದು ಸ್ಮಾರ್ಟ್ ಬಲ್ಬ್. ಅದಕ್ಕೆ ಸದಾ ಕರೆಂಟ್ ಇರಬೇಕು. ಕರೆಂಟಿನಲ್ಲಿ ಓಡೋ, ಝಿಗ್‌ಬೀ ಅನ್ನೋ ವೈರ್‌ಲೆಸ್ ಪದ್ಧತಿಯ ಬಲ್ಬ್ ಸಾಮಾನ್ಯವಾಗಿ ಸುತ್ತಲಿನ ಸಾಧನಗಳ ಸಂದೇಶ ದಾಟಿಸೋ ಅಂಚೆಯವನ ಕೆಲಸಾನೂ ಮಾಡ್ತಿರುತ್ತೆ. ಮನೆಗೆ ಬಂದ ನೆಂಟರು ಅಭ್ಯಾಸಬಲದಿಂದ ಸ್ವಿಚ್ ಆಫ್ ಮಾಡಿದ್ರೋ, ಬಲ್ಬೂ ಹೋಯ್ತು, ಅದನ್ನೇ ನಂಬಿಕೊಂಡಿದ್ದ ಪಕ್ಕದ ರೂಮಿನ ಸೆನ್ಸರೂ ಮೂಕ. ಆಗ ಏನು ಮಾಡ್ತೀವಿ? ಸ್ವಿಚ್ ಮೇಲೆ ಟೇಪ್ ಅಂಟಿಸಿ 'ಮುಟ್ಟಬೇಡಿ' ಅಂತ ಬರೀತೀವಿ. ನಾನೂ ಬರೆದಿದ್ದೆ, ನಾಚಿಕೆ ಬಿಟ್ಟು ಹೇಳ್ತೀನಿ. ಲೈಟಿನ ಸ್ವಿಚ್ಚನ್ನೇ ಮುಟ್ಟಬೇಡಿ ಅನ್ನೋ ಮನೆ ಅದ್ಯಾವ ಸೀಮೆ ಸ್ಮಾರ್ಟ್? ಬಲ್ಬ್ ಮಾಮೂಲಿಯದೇ ಇರಲಿ, ಸ್ವಿಚ್ ಹಿಂದೆ ರಿಲೇ, ಅಂದ್ರೆ ಕಂಪ್ಯೂಟರ್ ಹೇಳಿದ ಹಾಗೆ ಕರೆಂಟ್ ಬಿಡೋ, ತಡೆಯೋ ಪುಟ್ಟ ಸಾಧನ ಹಾಕಿಸಿ. ಸ್ವಿಚ್ ಒತ್ತಿದ್ರೆ ಲೈಟ್ ಹತ್ತುತ್ತೆ, ಹತ್ತಿದ್ದು ಕಂಪ್ಯೂಟರ್‌ಗೂ ಗೊತ್ತಾಗುತ್ತೆ. ಹೆಚ್ಚಿನ ರಿಲೇಗಳಿಗೆ ನ್ಯೂಟ್ರಲ್ ವೈರ್ ಬೇಕು, ಎಷ್ಟೋ ಸ್ವಿಚ್ ಬಾಕ್ಸ್‌ಗಳಲ್ಲಿ ಅದು ಇರಲ್ಲ. ಈ ಕೆಲಸ ಎಲೆಕ್ಟ್ರಿಷಿಯನ್‌ಗೆ ಬಿಡಿ. ಕೋಡ್ ತಪ್ಪಾದ್ರೆ ಕತ್ತಲಾಗುತ್ತೆ ಅಷ್ಟೇ, ವೈರಿಂಗ್ ತಪ್ಪಾದ್ರೆ ಬೆಂಕಿ.

ಇಷ್ಟಾದ ಮೇಲೆ ಮುಖ್ಯವಾದ ರೂಲ್: ಕೈಯಿಂದ ಹಾಕಿದ ಲೈಟಿನ ತಂಟೆಗೆ ಕೋಡ್ ಹೋಗಬಾರದು. ಕೈಯಿಂದ ಹಾಕಿದ್ದು ಅಂತ ಗೊತ್ತಾಗೋದು ಹೇಗೆ? ಹೋಮ್ ಅಸಿಸ್ಟೆಂಟ್‌ನಲ್ಲಿ ಪ್ರತಿ ಬದಲಾವಣೆಗೂ ಕಾಂಟೆಕ್ಸ್ಟ್ ಅಂತ ಒಂದು ಚೀಟಿ ಅಂಟಿಕೊಂಡಿರುತ್ತೆ. ಆಪ್‌ನಲ್ಲಿ ಒತ್ತಿದ್ರೆ ಅದರಲ್ಲಿ ಬಳಕೆದಾರರ ಗುರುತು. ಆಟೊಮೇಷನ್ ಹಾಕಿದ್ರೆ ಅದನ್ನ ಎಬ್ಬಿಸಿದ ಘಟನೆಯ ಗುರುತು. ಗೋಡೆಯ ಸ್ವಿಚ್ ಒತ್ತಿದ್ರೆ ಎರಡೂ ಖಾಲಿ. ಖಾಲಿ ಚೀಟಿ ಕಂಡ್ರೆ ನನ್ನ ರೂಲ್‌ಗಳೆಲ್ಲ ಪಕ್ಕಕ್ಕೆ ಸರಿದು ಎರಡು ಗಂಟೆ ಕಾಲ ಸುಮ್ಮನಿರ್ತವೆ. ಕಂಪನಿ ಕೊಡೋ ರೆಡಿಮೇಡ್ ಆಪ್‌ಗಳಲ್ಲಿ ನಾನು ಇದನ್ನ ಎಷ್ಟು ಹುಡುಕಿದರೂ ಸಿಗಲಿಲ್ಲ. ನಾನು ಕೋಡ್ ಬರೆಯೋದಕ್ಕೆ ಇಳಿದದ್ದೇ ಇದಕ್ಕೆ.

ಇನ್ನು, ಕಂಪನಿಯ ಸರ್ವರ್ ನಂಬದೆ ಎಲ್ಲವೂ ಮನೆಯೊಳಗೇ ಓಡಬೇಕು ಅನ್ನೋದರ ಬಗ್ಗೆ ಹೆಚ್ಚು ಹೇಳಲ್ಲ. 2022ರ ಏಪ್ರಿಲ್‌ನಲ್ಲಿ ಇನ್‌ಸ್ಟಿಯಾನ್ ಅನ್ನೋ ಸ್ಮಾರ್ಟ್ ಹೋಮ್ ಕಂಪನಿಯ ಸರ್ವರ್‌ಗಳು ಹೇಳದೆ ಕೇಳದೆ ನಿಂತುಹೋದಾಗ ಗ್ರಾಹಕರ ಫೋನಿನಲ್ಲಿದ್ದ ಆಪ್ ಕೆಲಸಕ್ಕೆ ಬಾರದೆ ಹೋಯ್ತು. ಗೋಡೆ ಮೇಲಿನ ಸ್ವಿಚ್ ಒತ್ತಿದವರ ಲೈಟ್ ಮಾತ್ರ ಎಂದಿನಂತೆ ಹತ್ತಿತು.

ಅಪ್ಪನ ಕುರ್ಚಿ ಪಕ್ಕ ಈಗ ಒಂದು ಓದೋ ದೀಪ ಇಟ್ಟಿದ್ದೀನಿ. ಸೆನ್ಸರ್ ಇಲ್ಲ, ಕೋಡ್ ಇಲ್ಲ, ವೈರಿನ ಮಧ್ಯೆ ಒಂದು ಟಿಕ್ ಅನ್ನೋ ಸ್ವಿಚ್ ಅಷ್ಟೇ. ಮೊನ್ನೆ ಅದನ್ನ ಆರಿಸೋದು ಮರೆತು ಮಲಗಿದ್ರು. ರಾತ್ರಿ ಎರಡಕ್ಕೆ ನೀರು ಕುಡಿಯೋಕೆ ಎದ್ದಾಗ ಉರೀತಿತ್ತು. ಟಿಕ್ ಅನ್ನಿಸಿ ಬಂದು ಮಲಗಿದೆ.